ಸೂತ್ರ ಹಿಡಿದು ಮುಂಬಯಿ: ಗಾಳಿಪಟದ ಬೆನ್ನಿಗೆ ನಾಲ್ಕು ದಿನ

ಬಯಲುಸೀಮೆಯವರಿಗೆ ಗಾಳಿಪಟ ಅಂದರೆ ಆಷಾಢ. ಮದುವೆ ಮುಂಜಿ ಇಲ್ಲದ ತಿಂಗಳು, ಆಳನ್ನೇ ತಳ್ಳುವ ಗಾಳಿ, ದೊಡ್ಡಬಳ್ಳಾಪುರದ ಕಡೆ ತಲೆಯೆತ್ತಿದಲ್ಲೆಲ್ಲ ಪಟ. ಅದೇ ಜನ ಮುಂಬಯಿಗೆ ಬಂದರೆ ಲೆಕ್ಕ ತಲೆಕೆಳಗು. ಇಲ್ಲಿನ ಆಷಾಢದಲ್ಲಿ ಕೊಡೆಯೇ ಕೈಯಲ್ಲಿ ನಿಲ್ಲುವುದಿಲ್ಲ, ಕಾಗದ ನಿಂತೀತೇ? ಮುಂಬಯಿಯ ಪಟ ಏರುವುದು ಸಂಕ್ರಾಂತಿಯ ಒಣ ಗಾಳಿಗೆ. ಆದ್ದರಿಂದ ಈ ತಿರುಗಾಟಕ್ಕೆ ಜನವರಿ 12ರಿಂದ 15ರವರೆಗಿನ ನಾಲ್ಕು ದಿನವೇ ಸರಿ. ಚೀಲದಲ್ಲಿ ಇರಬೇಕಾದದ್ದು ತಂಪು ಕನ್ನಡಕ, ಟೋಪಿ, ಬೆರಳಿಗೆ ಸುತ್ತಲು ಬಟ್ಟೆಯ ಮೆಡಿಕಲ್ ಟೇಪು, ಒಂದು ಸಣ್ಣ ಕತ್ತರಿ. ಕತ್ತರಿಯ ಕೆಲಸ ಬರುವುದು ಕೊನೆಯ ದಿನ.

ಮೊದಲ ದಿನ, ಜನವರಿ 12: ಡೋಂಗ್ರಿ

ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಡೋಂಗ್ರಿಯ ಇಮಾಮ್‌ವಾಡಾ ಕಡೆ ನಡೆದರೆ ಪತಂಗ ಬಜಾರು. ಬೆಳಿಗ್ಗೆ ಹನ್ನೊಂದರೊಳಗೆ ಹೋಗಿಬಿಡಬೇಕು. ಸಂಜೆಯಾದರೆ ಹೆಗಲಿಗೆ ಹೆಗಲು ತಾಗುವ ನೂಕುನುಗ್ಗಲು, ಕೊಂಡ ಪಟ ಮನೆ ಮುಟ್ಟುವಷ್ಟರಲ್ಲಿ ಅರ್ಧ ಹರಿದಿರುತ್ತದೆ. ಲೆಕ್ಕ ಹಿಡಿಯಲ್ಲಿ: ಐದು ಪಟಕ್ಕೆ ಪಂಜಾ, ಇಪ್ಪತ್ತಕ್ಕೆ ಕೋಡಿ. ಮೊದಲ ಸಲ ಹಾರಿಸುವವರಿಗೆ ಎರಡು ಪಂಜಾ ಬೇಕೇ ಬೇಕು. ಅದರಲ್ಲಿ ನಾಲ್ಕು ಪಟ ತಂತಿಗೋ ಮರಕ್ಕೋ ಸಲ್ಲುತ್ತವೆ.

ಕೊಳ್ಳುವಾಗ ಬಣ್ಣ ನೋಡುವವನು ಹೊಸಬ, ಕಡ್ಡಿ ನೋಡುವವನು ಹಳಬ. ಪಟವನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತಿದ್ದರೂ ಗಾಳಿಯಲ್ಲಿ ಅದೇ ಸೀಳಾಗುತ್ತದೆ. ನಡುವೆ ನೆಟ್ಟಗೆ ನಿಂತ ಬೆನ್ನುಕಡ್ಡಿ ಗಟ್ಟಿಯಿರಬೇಕು, ಗಂಟು ಇರಬಾರದು. ಅಡ್ಡಕ್ಕೆ ಬಾಗಿದ ಕಮಾನು ಎರಡೂ ತುದಿಗೆ ಸಮವಾಗಿ ತೆಳುವಾಗುತ್ತ ಹೋಗಿರಬೇಕು. ಬೆನ್ನುಕಡ್ಡಿಯ ಎರಡು ತುದಿಯನ್ನು ಎರಡು ಬೆರಳ ಮೇಲಿಟ್ಟು ಬಿಟ್ಟರೆ ಪಟ ಯಾವ ಕಡೆಗೂ ವಾಲಬಾರದು. ಪ್ಲಾಸ್ಟಿಕ್ ಪಟ ಹರಿಯುವುದಿಲ್ಲ ಎಂದು ಮಕ್ಕಳ ತಲೆಗೆ ಕಟ್ಟುತ್ತಾರೆ. ಅದು ಗಾಳಿಗೆ ಬಡಬಡ ಬಡಿದುಕೊಳ್ಳುತ್ತದೆಯೇ ಹೊರತು ಹೇಳಿದ ಮಾತು ಕೇಳುವುದಿಲ್ಲ. ಮಾರನೆಯ ವರ್ಷವೂ ಅದೇ ಮರದಲ್ಲಿ ನೇತಾಡುತ್ತಿರುತ್ತದೆ.

ಬಜಾರಿನಲ್ಲಿ ಕನ್ನಡದ ಕಿವಿಗೆ ಮೊದಲು ತಟ್ಟುವುದು ಹೆಸರು. ನಮಗೆ ಪತಂಗ ಅಂದರೆ ದೀಪಕ್ಕೆ ಬೀಳುವ ಹುಳು. ಇಲ್ಲಿ ಅದು ಕಾಗದದ ಪಟ. ಸಂಸ್ಕೃತದಲ್ಲಿ ಅದೇ ಪದಕ್ಕೆ ಹಕ್ಕಿ ಎಂದೂ ಅರ್ಥ, ಸೂರ್ಯ ಎಂದೂ ಅರ್ಥ. ಸೂರ್ಯ ಮಕರಕ್ಕೆ ಕಾಲಿಡುವ ದಿನ ಪತಂಗ ಹಾರಿಸುವುದು ಸೊಗಸಾದ ಶ್ಲೇಷೆಯೇ ಸರಿ, ಯಾರೂ ಯೋಚಿಸಿ ಮಾಡಿದ್ದಲ್ಲದಿದ್ದರೂ. ಇಂಗ್ಲಿಷಿನ ಕೈಟ್ ಮೂಲತಃ ಹದ್ದು. ಜರ್ಮನರಿಗೆ ಇದು ಡ್ರಾಖೆನ್, ಬೆಂಕಿಯುಗುಳುವ ಮಹಾಸರ್ಪ. ಸ್ಪೇನಿನವರಿಗೆ ಕೊಮೆಟಾ, ಧೂಮಕೇತು. ಚೀನೀಯರ ಫೆಂಗ್‌ಝೆಂಗ್ ಅಂದರೆ ಗಾಳಿಯ ತಂತಿವಾದ್ಯ, ಪಟಕ್ಕೆ ಸೀಟಿ ಕಟ್ಟಿ ನುಡಿಸುತ್ತಿದ್ದ ನೆನಪು. ಮಲಯರ ವಾವ್ ತನ್ನ ಹೆಸರನ್ನು ಅರಬ್ಬೀ ಲಿಪಿಯ ವಾವ್ ಅಕ್ಷರದಿಂದ ಪಡೆದದ್ದೆಂದು ಹೇಳುತ್ತಾರೆ. ಒಂದೊಂದು ಭಾಷೆ ಪಟದಲ್ಲಿ ಒಂದೊಂದು ಪ್ರಾಣಿಯನ್ನೋ ನಕ್ಷತ್ರವನ್ನೋ ಕಂಡಿದೆ. ಕನ್ನಡ ಮಾತ್ರ ಗಾಳಿ, ಪಟ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಸುಮ್ಮನಾಯಿತು. ಹಾಯಿಗೂ ಪಟ, ಬಟ್ಟೆಗೂ ಪಟ. ನಾವು ಅಲಂಕಾರವನ್ನೆಲ್ಲ ದಾರಕ್ಕೆ ಎತ್ತಿಟ್ಟೆವು: ಗೊತ್ತುಗುರಿಯಿಲ್ಲದವನು ಸೂತ್ರ ಹರಿದ ಗಾಳಿಪಟ, ಇನ್ನೊಬ್ಬರ ಬೆನ್ನು ಬಿಡದವನು ಬಾಲಂಗೋಚಿ. ಪಟದ ಅರ್ಥ ಕಾಗದದಲ್ಲಿಲ್ಲ, ದಾರದಲ್ಲಿದೆ ಎಂಬುದು ಕನ್ನಡಕ್ಕೆ ಮೊದಲೇ ಹೊಳೆದಿತ್ತೇನೋ. ಉಳಿದ ಮೂರು ದಿನ ದಾರದ ಜಾಡನ್ನೇ ಹಿಡಿಯುವುದು ಲೇಸು.

ದಾರ ಮಾರುವುದು ವಾರದ ಲೆಕ್ಕದಲ್ಲಿ, ಅಂದರೆ ಗಜದಲ್ಲಿ: ಒಂದು ಸಾವಿರ, ಎರಡೂವರೆ ಸಾವಿರ, ಐದು ಸಾವಿರ. ಹೊಸಬರಿಗೆ ಸಾವಿರ ವಾರ ಧಾರಾಳ. ಗಾಜಿನ ಪುಡಿ, ಅನ್ನದ ಗಂಜಿ, ಬಣ್ಣ ಕಲಸಿದ ಲುಗ್ದಿಯನ್ನು ಎರಡು ಕಂಬದ ನಡುವೆ ಎಳೆದ ನೂಲಿಗೆ ಸವರಿ ಒಣಗಿಸಿದರೆ ಮಾಂಜಾ. ಏನೂ ಸವರದ್ದು ಸಾದಾ ದಾರ, ಅದೇ ಸದ್ದಿ. ಮೂರನೆಯದು ನೈಲಾನ್. ಅಂಗಡಿಯವನು ದನಿ ತಗ್ಗಿಸಿ ಅದನ್ನು ತೋರಿಸಹೊರಟರೆ ಅಲ್ಲಿಂದ ಎದ್ದುಬಿಡಿ. 2017ರ ಜುಲೈನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ನೈಲಾನ್ ಮತ್ತಿತರ ಕೃತಕ ನೂಲಿನ ಮಾಂಜಾವನ್ನು ದೇಶದುದ್ದಕ್ಕೂ ನಿಷೇಧಿಸಿತು. ಕಾರಣ ಸರಳ: ಹತ್ತಿಯ ನೂಲು ಭಾರ ಬಿದ್ದರೆ ತುಂಡಾಗುತ್ತದೆ, ನೈಲಾನ್ ಹಿಗ್ಗುತ್ತದೆ, ತುಂಡಾಗುವುದಿಲ್ಲ. ಫ್ಲೈಓವರಿನ ಮೇಲೆ ಬೈಕಿನವನ ಕೊರಳಿಗೆ ಅಡ್ಡ ಬಂದಾಗ ಈ ಒಂದು ವ್ಯತ್ಯಾಸವೇ ಜೀವ ಉಳಿಸುವುದು ಅಥವಾ ತೆಗೆಯುವುದು. ಈ ವಾರ ಬೈಕು ಓಡಿಸುವವರು ಕೊರಳಿಗೆ ದಪ್ಪ ಮಫ್ಲರ್ ಸುತ್ತುವುದು, ಹ್ಯಾಂಡಲಿಗೆ ಕಮಾನಿನಂಥ ಕಬ್ಬಿಣದ ಸರಳು ಕಟ್ಟಿಸುವುದು ಚಳಿಗಲ್ಲ, ಚಂದಕ್ಕಲ್ಲ.

ಎರಡನೆಯ ದಿನ, ಜನವರಿ 13: ಮಾಟುಂಗಾ

ಇಂದು ಭೋಗಿ. ಬೆಳಗಾವಿ, ವಿಜಯಪುರ ಕಡೆಯವರ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮರಾಠಿ ಮನೆಗಳಲ್ಲೂ ಅದೇ ಎಳ್ಳು, ಅದೇ ಸಜ್ಜೆ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಬೆಳಗಿನ ಇಡ್ಲಿ ಮುಗಿಸಿ, 1926ರಲ್ಲಿ ಶುರುವಾದ ಮುಂಬಯಿ ಕನ್ನಡಿಗರ ಮೈಸೂರು ಅಸೋಸಿಯೇಷನ್ನಿನ ಭಾವುದಾಜಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಅರ್ಧ ದಿನವಿಡೀ ಕೂತು ಮಾಡುವ ಕೆಲಸವಿದೆ. ಪಟ ಕಟ್ಟುವುದು, ಸೂತ್ರ ಕಟ್ಟುವುದು. ಜನವರಿಯ ಬೆಳಗಿನಲ್ಲಿ ಮುಂಬಯಿಯಲ್ಲಿ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸುವ ಮಂದ ಗಾಳಿ. ಕಡಲಗಾಳಿ ತಿರುಗುವುದು ನಡುಮಧ್ಯಾಹ್ನದ ಹೊತ್ತಿಗೆ. ಅಲ್ಲಿಯವರೆಗೆ ತಾರಸಿಯ ಮೇಲೆ ಓಡಾಡಿ ಬೆವರು ಹರಿಸುವುದಕ್ಕಿಂತ ನೆರಳಲ್ಲಿ ಕೂರುವುದು ಜಾಣತನ.

ಅಳತೆ ಹೀಗಿದೆ. 45 ಸೆಂಟಿಮೀಟರ್ ಚೌಕದ ತೆಳು ಪತಂಗದ ಕಾಗದ. ಮೂಲೆಯಿಂದ ಮೂಲೆಗೆ 64 ಸೆಂ.ಮೀ. ಬೆನ್ನುಕಡ್ಡಿ, ಸುಮಾರು 4 ಮಿ.ಮೀ. ಅಗಲ. ಕಮಾನಿಗೆ 70 ಸೆಂ.ಮೀ. ಕಡ್ಡಿ, ನಡುವೆ 3 ಮಿ.ಮೀ., ತುದಿಗೆ 2 ಮಿ.ಮೀ. ಬಿದಿರಿನ ಸಿಪ್ಪೆಯ ಭಾಗವೇ ಬೇಕು, ಒಳತಿರುಳು ಬಾಗಿಸಿದರೆ ಮುರಿಯುತ್ತದೆ. ಎರಡು ಚಮಚ ಮೈದಾ, ಒಂದು ಲೋಟ ನೀರು ಕುದಿಸಿದ ಅಂಟು. ಹೆಚ್ಚು ಬಳಿದರೆ ತೂಕ ಏರಿ ಪಟ ಸೋಮಾರಿಯಾಗುತ್ತದೆ. ಬೆನ್ನುಕಡ್ಡಿಯನ್ನು ಮೊದಲು ಅಂಟಿಸಿ. ಕಮಾನಿನ ಎರಡು ತುದಿಯನ್ನು ಎಡಬಲದ ಮೂಲೆಗಳಿಗೆ ಕಾಗದದ ತುಂಡಿನಿಂದ ಬಿಗಿದು, ಅದರ ನಡುಭಾಗ ಪಟದ ಮೂತಿಯಿಂದ, ಅಂದರೆ ಮೇಲಿನ ಮೂಲೆಯಿಂದ, 20 ಸೆಂ.ಮೀ. ಕೆಳಗೆ ಬೆನ್ನುಕಡ್ಡಿಯನ್ನು ದಾಟುವಂತೆ ಬಾಗಿಸಿ. ಅಂಚಿಗೆ ದಾರ ಇಟ್ಟು ಕಾಗದ ಮಡಚಿ ಅಂಟಿಸಿದರೆ ಗಾಳಿಗೆ ಅಂಚು ಸೀಳುವುದಿಲ್ಲ. ಕೆಳಮೂಲೆಯಲ್ಲೊಂದು ಪುಟ್ಟ ತ್ರಿಕೋನ. ನೆರಳಲ್ಲಿ ಒಣಗಲಿ, ಬಿಸಿಲಿಗಿಟ್ಟರೆ ಕಾಗದ ಎಳೆದುಕೊಂಡು ಕಮಾನು ಒಂದು ಕಡೆಗೆ ತಿರುಚುತ್ತದೆ.

ಇನ್ನು ಸೂತ್ರ, ಹಾರಿಸುವ ದಾರ ಬಿಗಿಯಲು ಪಟದ ಮೈಗೆ ಕಟ್ಟುವ ಎರಡೆಳೆ. ಗುಜರಾತಿಗಳಿಗೆ ಕಿನ್ನಾ, ಹಿಂದಿಯವರಿಗೆ ಕನ್ನಾ. ದನ ಕಟ್ಟುವ ನಮ್ಮ ಕಣ್ಣಿ ಕಿವಿಗೆ ಬಂದರೆ ಬರಲಿ ಬಿಡಿ, ಕೆಲಸವೂ ಹೆಚ್ಚುಕಡಿಮೆ ಅದೇ. ಕಮಾನು ಬೆನ್ನುಕಡ್ಡಿಯನ್ನು ದಾಟುವಲ್ಲಿ ಎರಡು ಬದಿಗೂ ಊದುಕಡ್ಡಿಯ ಮೊನೆಯಿಂದ ಒಂದೊಂದು ತೂತು. ಕೆಳಮೂಲೆಯ ತುದಿಯಿಂದ 14 ಸೆಂ.ಮೀ. ಮೇಲೆ ಇನ್ನೆರಡು. ದಾರವನ್ನು ಕಡ್ಡಿ ಸುತ್ತಿ ಬರುವಂತೆ ಪೋಣಿಸಿ, ಮೇಲಿನ ಎಳೆ 35 ಸೆಂ.ಮೀ., ಕೆಳಗಿನದು 36 ಅಥವಾ 37 ಇರುವ ಹಾಗೆ ಗಂಟು ಹಾಕಿ. ಎಲ್ಲ ಗುಟ್ಟೂ ಈ ಒಂದೆರಡು ಸೆಂಟಿಮೀಟರಿನಲ್ಲಿದೆ. ಗಾಳಿ ಜೋರಾದರೆ ಮೇಲಿನ ಎಳೆಯನ್ನು ಅರ್ಧ ಸೆಂ.ಮೀ. ಗಿಡ್ಡ ಮಾಡಬೇಕು, ಮೂತಿ ಮುಂದಕ್ಕೆ ಬಾಗಿ, ಪಟ ಗಾಳಿಯನ್ನು ಸೀಳಿಕೊಂಡು ಮೇಲೇರುತ್ತದೆ. ಗಾಳಿ ಮಂದವಾದರೆ ಕೆಳಗಿನ ಎಳೆ ಗಿಡ್ಡ. ಪಟ ಗಾಳಿಗೆ ಎದೆಯೊಡ್ಡುತ್ತದೆ. ಇದನ್ನು ಉಲ್ಟಾ ಮಾಡಿದರೆ ಜೋರು ಗಾಳಿಗೆ ದಾರ ಕಡಿಯುತ್ತದೆ, ಮಂದ ಗಾಳಿಗೆ ಪಟ ಮುಗ್ಗರಿಸುತ್ತದೆ.

ಹಾರಿಸಿದಾಗ ಸದಾ ಬಲಕ್ಕೇ ವಾಲುತ್ತಿದೆಯೇ? ಬಲ ರೆಕ್ಕೆ ಭಾರವಿದೆ. ಎಡ ತುದಿಗೆ ಬೆರಳುದ್ದದ ಕಾಗದದ ಸುರುಳಿ ಕಟ್ಟಿ. ಗಿರಗಿರ ತಿರುಗುತ್ತಲೇ ಇದೆಯೇ? ಬೆನ್ನುಕಡ್ಡಿಯನ್ನು ತಲೆಯ ಮೇಲಿಟ್ಟು ಮೆಲ್ಲನೆ ಬಾಗಿಸುತ್ತಾರೆ ಹಳಬರು. ಕಾಳಗದ ಪಟಕ್ಕೆ ಬಾಲವಿಲ್ಲ ಎಂಬುದನ್ನು ಮರೆಯಬಾರದು. ದಾರ ಸಡಿಲ ಬಿಟ್ಟರೆ ಅದು ಚಪ್ಪಟೆಯಾಗಿ ತಿರುಗುತ್ತದೆ. ಎಳೆದರೆ ಕಮಾನಿನ ಎರಡೂ ರೆಕ್ಕೆ ಹಿಂದಕ್ಕೆ ಬಾಗಿ, ಆ ಕ್ಷಣ ಮೂತಿ ಎತ್ತ ನೋಡುತ್ತಿತ್ತೋ ಅತ್ತ ಬಾಣದಂತೆ ಹೋಗುತ್ತದೆ. ತಿರುಗಲು ಬಿಡುವುದು, ಬೇಕಾದ ದಿಕ್ಕಿಗೆ ಮೂತಿ ಬಂದಾಗ ಎಳೆಯುವುದು; ಇದಿಷ್ಟೇ ವಿದ್ಯೆ. ಐದಾರು ವರ್ಷದ ಮಕ್ಕಳ ಪಟಕ್ಕೆ ಮಾತ್ರ ಬಾಲಂಗೋಚಿ ಕಟ್ಟಿ. ಬೈಗುಳದ ಬಾಲಂಗೋಚಿ ಬೇರೆ, ಇದಿಲ್ಲದಿದ್ದರೆ ಮಗುವಿನ ಪಟ ತಲೆಕೆಳಗಾಗುತ್ತದೆ.

ಸೂತ್ರಕ್ಕೆ ಇಷ್ಟು ಹೊತ್ತು ಕೊಡುವುದು ಹುಚ್ಚೇನಲ್ಲ. ಇದೇ ನೆಲದ ಸಂತ ನಾಮದೇವ, ಗುರುಗ್ರಂಥ ಸಾಹಿಬಿನಲ್ಲಿ ಸೇರಿರುವ ಪದವೊಂದರಲ್ಲಿ ಪಟದ ಮಾತೆತ್ತುತ್ತಾನೆ: ಕಾಗದ ಕತ್ತರಿಸಿ ಗೂಡಿ, ಅಂದರೆ ಪಟ, ಮಾಡಿ ಆಕಾಶಕ್ಕೆ ಬಿಟ್ಟವನು ಗೆಳೆಯರೊಡನೆ ಹರಟುತ್ತಿದ್ದರೂ ಚಿತ್ತವನ್ನು ದಾರದಲ್ಲೇ ಇಟ್ಟಿರುತ್ತಾನೆ. ದೇವರಲ್ಲಿ ಮನಸ್ಸಿಡುವುದೂ ಹಾಗೆ. ಜಪಾನಿನ ಹಮಾಮಾತ್ಸುವಿನಲ್ಲಿ ಮನೆಗೆ ಚೊಚ್ಚಲ ಮಗು ಬಂದರೆ ಅದರ ಹೆಸರು ಬರೆದ ದೊಡ್ಡ ಪಟವನ್ನು ಮೇ ಮೊದಲ ವಾರ ಏರಿಸುತ್ತಾರೆ. ಊರಿನವರೆಲ್ಲ ಸೇರಿ ಹಗ್ಗ ಹಿಡಿಯುತ್ತಾರೆ. ಇವೆರಡೂ ಹಿಡಿದ ದಾರದ ಅರ್ಥಗಳು.

ಮೂರನೆಯ ದಿನ, ಜನವರಿ 14: ಭುಲೇಶ್ವರ, ಕಾಲಬಾದೇವಿ

ಚರ್ನಿ ರೋಡಿನಲ್ಲಿ ಇಳಿದು ಒಳಕ್ಕೆ ನಡೆದರೆ ಗುಜರಾತಿ ಮಾರವಾಡಿಗಳ ಹಳೆಯ ಕಟ್ಟಡಗಳು. ಇಲ್ಲಿನ ಸಂಕ್ರಾಂತಿ ನಡೆಯುವುದು ರಸ್ತೆಯಲ್ಲಲ್ಲ, ತಾರಸಿಯಲ್ಲಿ. ಪರಿಚಯದವರ ಮೂಲಕ ತಾರಸಿಗೆ ಮೊದಲೇ ಹೇಳಿಟ್ಟಿರಬೇಕು. ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಹೋದರೆ ಆ ಕಡೆಯಿಂದ ತಿಲ್‌ಗುಳ್, ಊಂಧಿಯೂ, ಜಿಲೇಬಿ ಬರುತ್ತದೆ. ನಾವು ಒಳ್ಳೆ ಮಾತಾಡಿ ಅನ್ನುವುದು, ಅವರು ಮುಂಬಯಿಯ ಮರಾಠಿಯಲ್ಲಿ ಗೋಡ್ ಗೋಡ್ ಬೋಲಾ ಅನ್ನುವುದು. ಅಷ್ಟಾಗಿ ಐದು ನಿಮಿಷಕ್ಕೆ ಎಲ್ಲರೂ ಕಿರುಚಾಟಕ್ಕೆ ಇಳಿದಿರುತ್ತಾರೆ.

ಒಂದು ಗಂಟೆಯ ಮೊದಲು ಏರಿಸಿದರೆ ಪಟ ಒದ್ದಾಡುತ್ತದೆ. ಒಂದರಿಂದ ನಾಲ್ಕೂವರೆ ಒಳ್ಳೆಯ ಹೊತ್ತು. ಎತ್ತರದ ಟವರಿನ ಮರೆಯ ತಾರಸಿಯಲ್ಲಿ ಗಾಳಿ ಸುಳಿಯಾಗುತ್ತದೆ, ಎಷ್ಟು ಚೆಂದದ ಸೂತ್ರವೂ ಅಲ್ಲಿ ಸೋಲುತ್ತದೆ. ಪಶ್ಚಿಮಕ್ಕೆ ತೆರೆದ ಮೂಲೆಯನ್ನೇ ಹುಡುಕಿ. ಕಟ್ಟೆ ಸೊಂಟಕ್ಕಿಂತ ತಗ್ಗಿದ್ದರೆ ಹಾರಿಸಲೇಬೇಡಿ. ಕಣ್ಣು ಆಕಾಶದಲ್ಲಿಟ್ಟು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುವುದೇ ಇಲ್ಲಿನ ದೊಡ್ಡ ಅಪಾಯ. ರೈಲು ಹಳಿಯ ಪಕ್ಕದ ತಾರಸಿಯೂ ಬೇಡ: ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ, ಒದ್ದೆ ದಾರ ಅದಕ್ಕೆ ತಾಗಿದರೆ ಮುಗಿಯಿತು. ವಿಮಾನ ನಿಲ್ದಾಣದ ಸುತ್ತಲೂ ಬೇಡ. 1934ರ ವಿಮಾನ ಕಾಯ್ದೆ ವಿಮಾನ ಎಂಬ ಪದದೊಳಗೆ ಗಾಳಿಪಟವನ್ನೂ ಸೇರಿಸಿತ್ತು ಅಂದರೆ ನಗು ಬರಬಹುದು; ತೋರುಬೆರಳಿಗೆ ಟೇಪು ಸುತ್ತಿಕೊಂಡ ಹುಡುಗರೆಲ್ಲ ಆ ಲೆಕ್ಕದಲ್ಲಿ ಪೈಲಟ್‌ಗಳು.

ಕಾಳಗದ ಒಳಗುಟ್ಟು ಇಷ್ಟು. ಎರಡು ದಾರ ಒಂದಕ್ಕೊಂದು ಅಡ್ಡ ಬಿದ್ದಾಗ ನಿಂತ ದಾರ ತುಂಡಾಗುತ್ತದೆ, ಓಡುವ ದಾರ ಅದನ್ನು ಕಡಿಯುತ್ತದೆ. ಓಡುವ ದಾರದ ಹತ್ತಾರು ಮಾರು ಉದ್ದ ನಿಂತ ದಾರದ ಒಂದೇ ಬಿಂದುವನ್ನು ಉಜ್ಜುತ್ತದಲ್ಲ, ಅದಕ್ಕೆ. ಗಾಳಿ ಚೆನ್ನಾಗಿದ್ದರೆ ಢೀಲ್: ಫಿರ್ಕಿಯಿಂದ, ಅಂದರೆ ದಾರ ಸುತ್ತಿದ ಉರುಳೆಯಿಂದ, ದಾರ ಬಿಡುತ್ತಲೇ ಹೋಗುವುದು. ಗಾಳಿ ಸತ್ತರೆ ಖೇಂಚ್: ಎರಡೂ ಕೈಯಿಂದ ಸರಸರ ಎಳೆಯುವುದು. ಅರ್ಧಕ್ಕೆ ಮನಸ್ಸು ಬದಲಿಸಿ ತಡೆದವನ ಪಟ ಹೋಯಿತೆಂದೇ ಲೆಕ್ಕ. ಫಿರ್ಕಿ ಹಿಡಿದವನ ಕೈ ಬಿಗಿಯಾದರೂ ಅಷ್ಟೇ. "ಬಿಡೋ ತಮ್ಮಾ, ದಾರ ಬಿಡೋ, ಹಿಡೀಬ್ಯಾಡೋ!" ಎಂದು ಹುಬ್ಬಳ್ಳಿಯ ಕಾಕಾ ಕೂಗುವಷ್ಟರಲ್ಲಿ ಪಕ್ಕದ ತಾರಸಿಯಿಂದ "ಕಾಯ್ ಪೋ ಛೇ!", ಕೊಯ್ದೆ ಎಂಬ ಗುಜರಾತಿ ಕೇಕೆ. ಸೋತವನಿಗೆ ಸುತ್ತಲಿಂದ "ಲಪೇಟ್, ಲಪೇಟ್", ಸುತ್ತಿಕೋ ಮಾರಾಯ ನಿನ್ನ ದಾರ.

ಕಡಿದ ಪಟ ಗಾಳಿಗೆ ತೇಲುತ್ತ ಕೆಳಗಿಳಿಯುವಾಗ ಗಲ್ಲಿಯ ಮಕ್ಕಳು ಗಣೆ ಹಿಡಿದು ಓಡುತ್ತಾರೆ. ಸಿಕ್ಕವನಿಗೆ ಅದು ಲೂಟಿ, ಸಂಪತ್ತು. ಚೀನಾದಲ್ಲಾಗಿದ್ದರೆ ಆ ಮಕ್ಕಳನ್ನು ಹಿರಿಯರು ತಡೆಯುತ್ತಿದ್ದರು. ಅಲ್ಲಿನ ಹಳೆಯ ರೂಢಿಯಲ್ಲಿ ವಸಂತದ ಪಟವನ್ನು ಎತ್ತರಕ್ಕೆ ಏರಿಸಿ ದಾರವನ್ನು ತಾವೇ ಕತ್ತರಿಸುತ್ತಾರೆ, ಮನೆಯ ರೋಗರುಜಿನ ಅದರ ಬೆನ್ನೇರಿ ಹೋಗಲೆಂದು. ಬೇರೆಯವರು ಬಿಟ್ಟ ಪಟವನ್ನು ಎತ್ತಿಕೊಂಡರೆ ಅವರ ಪೀಡೆಯನ್ನು ಮನೆಗೆ ತಂದಂತೆ. ಕೊರಿಯಾದಲ್ಲಿ ಇದಕ್ಕೆ ತಿಥಿಯೇ ಇದೆ: ಚಾಂದ್ರಮಾನ ವರ್ಷದ ಮೊದಲ ಹುಣ್ಣಿಮೆ. ಕೆಡುಕು ತೊಲಗಲಿ, ಒಳಿತು ಬರಲಿ ಎಂದು ಪಟದ ಮೇಲೆ ಬರೆದು ಅಂದು ದಾರ ಕಡಿದುಬಿಟ್ಟರೆ ಆ ವರ್ಷದ ಪಟದಾಟ ಮುಗಿಯಿತು. ಮುಂಬಯಿಯಲ್ಲಿ ಕಡಿಸಿಕೊಂಡವನು ಸೋತವನು, ಅಲ್ಲಿ ಕಡಿದುಕೊಂಡವನೇ ಗೆದ್ದವನು.

ಥಾಯ್ಲೆಂಡಿನವರು ಕಾಳಗದೊಳಗೆ ಸರಸವನ್ನೂ ತಂದಿದ್ದಾರೆ. ಐದು ಮೊನೆಯ ದೈತ್ಯ ಚೂಲಾ ಗಂಡು, ಬಾಲವುಳ್ಳ ಪುಟ್ಟ ಪಕ್‌ಪಾವ್ ಹೆಣ್ಣು. ಗಂಡು ಹೆಣ್ಣನ್ನು ಕೊಕ್ಕೆಯಲ್ಲಿ ಸಿಕ್ಕಿಸಿ ತನ್ನ ಅಂಗಳಕ್ಕೆ ಎಳೆಯಬೇಕು, ಹೆಣ್ಣು ಕುಣಿಕೆ ಹಾಕಿ ಗಂಡನ್ನು ತನ್ನ ಕಡೆ ಕೆಡವಬೇಕು. ಅಫ್ಘಾನಿಸ್ತಾನದಲ್ಲಿ ಇದೇ ಆಟ ತಾಲಿಬಾನಿಗಳ ಮೊದಲ ಆಳ್ವಿಕೆಯಲ್ಲಿ ನಿಷಿದ್ಧವಾಯಿತು, ಹಾಗಾಗಿ ಆಮೇಲೆ ಕಾಬೂಲಿನಲ್ಲಿ ಏರಿದ ಪಟ ಬರೀ ಆಟವಾಗಿ ಉಳಿಯಲಿಲ್ಲ. ನಮ್ಮಲ್ಲೂ 1928ರಲ್ಲಿ ಲಖನೌದ ಕೈಸರ್‌ಬಾಗಿನಲ್ಲಿ ತಾಲ್ಲೂಕುದಾರರು ಸೈಮನ್ ಆಯೋಗಕ್ಕೆ ಔತಣವಿಟ್ಟಾಗ, ಪೊಲೀಸರ ಸಾಲನ್ನು ದಾಟಲಾಗದ ಘೋಷಣೆ ಪಟ ಮತ್ತು ಬಲೂನುಗಳ ಮೇಲೆ ಏರಿ ಬಂದಿತ್ತು: ಸೈಮನ್ ಗೋ ಬ್ಯಾಕ್. ಆಕಾಶಕ್ಕೆ ಲಾಠಿ ಬೀಸಲಾಗದು.

ಐದು ಗಂಟೆಗೆ ಇಳಿಸಿಬಿಡಿ. ಸುತ್ತಲಿನವರು ಇಳಿಸುವುದಿಲ್ಲ, ನಿಜ. ಆದರೆ ಹಕ್ಕಿಗಳು ಗೂಡಿಗೆ ಮರಳುವ ಹೊತ್ತದು. ಕತ್ತಲಾದ ಮೇಲೆ ಬಿಳಿ ಪಟದ ದಾರಕ್ಕೆ ಕಾಗದದ ತುಕ್ಕಲ್ ದೀಪಗಳನ್ನು ಕಟ್ಟಿ ಏರಿಸುವವರಿದ್ದಾರೆ. ದೂರದಿಂದ ನೋಡಲು ಅದರಷ್ಟು ಚೆಲುವು ಬೇರೆಯಿಲ್ಲ, ಒತ್ತೊತ್ತಾದ ಈ ಗಲ್ಲಿಗಳಲ್ಲಿ ಅದರಷ್ಟು ಅವಿವೇಕವೂ ಇಲ್ಲ.

ನಾಲ್ಕನೆಯ ದಿನ, ಜನವರಿ 15: ಪರೇಲ್, ಗಿರ್‌ಗಾಂವ್ ಚೌಪಾಟಿ

ಗುಜರಾತಿಗಳಿಗೆ ಇಂದು ವಾಸಿ ಉತ್ತರಾಯಣ, ನಮ್ಮ ಮಾತಿನಲ್ಲಿ ಹಬ್ಬದ ತಂಗಳು. ಕತ್ತರಿ ಹೊರಬರಲಿ. ಮರದಲ್ಲಿ, ತಂತಿಯಲ್ಲಿ ಉಳಿದ ಮಾಂಜಾಕ್ಕೆ ಪಾರಿವಾಳ, ಗೂಬೆ, ಹದ್ದು ಸಿಕ್ಕಿಬೀಳುವುದು ಹಬ್ಬದ ದಿನವೂ ಹೌದು, ಹಬ್ಬದ ಆಚೆಗೂ ಹೌದು. ತನ್ನ ಹೆಸರನ್ನೇ ಇಂಗ್ಲಿಷಿನಲ್ಲಿ ಪಟಕ್ಕೆ ಕೊಟ್ಟ ಹದ್ದಿಗೆ ಸಂದ ಉಡುಗೊರೆ ಇದು.

ಗಾಯಗೊಂಡ ಹಕ್ಕಿ ಕಂಡರೆ ದಾರವನ್ನು ಎಳೆಯಬೇಡಿ, ರೆಕ್ಕೆಯ ನರವೇ ಕಿತ್ತು ಬಂದೀತು. ಹಕ್ಕಿಯ ಮೇಲೆ ತೆಳು ಟವೆಲು ಹೊದಿಸಿ ಹಿಡಿದು, ಮೈಗೆ ಸುತ್ತಿದ ಭಾಗವನ್ನು ಹಾಗೇ ಬಿಟ್ಟು ಎರಡೂ ಕಡೆ ಒಂದು ಗೇಣು ದೂರದಲ್ಲಿ ಕತ್ತರಿಸಿ. ತೂತು ಹೊಡೆದ ರಟ್ಟಿನ ಡಬ್ಬಿಯಲ್ಲಿ ಕತ್ತಲು ಮಾಡಿ ಇಡಿ. ಕೊಕ್ಕಿಗೆ ನೀರು ಹೊಯ್ಯಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಅಲ್ಲಿಂದ ನೇರ ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಗೆ. ಅದರ ಗೇಟಿನಲ್ಲಿ ಸಂಕ್ರಾಂತಿಯ ಮರುದಿನ ರಟ್ಟಿನ ಡಬ್ಬಿ ಹಿಡಿದು ನಿಂತವರನ್ನು ನೋಡದೆ ಮುಂಬಯಿಯ ಪತಂಗ ನೋಡಿದೆ ಅನ್ನುವಂತಿಲ್ಲ.

ಸಂಜೆಗೆ ಮುಂಚೆ ಚೌಪಾಟಿ. ಇಲ್ಲಿಗೆ ಮಾಂಜಾ ತರಬೇಡಿ. ಜನ, ಮಕ್ಕಳು, ಭೇಲ್‌ಪುರಿಯ ಗಾಡಿಗಳು. ಸಾದಾ ದಾರ, ಬಾಲಂಗೋಚಿಯ ಪಟ. ಕಡಲಗಾಳಿ ನೆಲದ ಕಡೆಗೆ ಬೀಸುವುದರಿಂದ ನೀರಿನ ಅಂಚಿಗೆ ನಿಂತು ಊರಿನ ಕಡೆ ಮುಖ ಮಾಡಿ ಬಿಟ್ಟರೆ, ಪಟ ಓಡದೆಯೇ ಏರುತ್ತದೆ. ಯಾವುದೇ ಕಟ್ಟಡ ಅಡ್ಡವಿಲ್ಲದ ಈ ಗಾಳಿಯಲ್ಲಿ ದಾರ ಅಲುಗದೆ ಕೈಯಲ್ಲಿ ಗುಂಯ್‌ಗುಡುತ್ತದೆ. ಆ ಗುಂಗನ್ನೇ ಬಾಲಿಯವರು, ಮಲಯರು ಪಟದ ನೆತ್ತಿಗೆ ಬಿಲ್ಲು ಕಟ್ಟಿ, ಪಟ್ಟಿ ಬಿಗಿದು, ಊರಿಗೆಲ್ಲ ಕೇಳುವಂತೆ ನುಡಿಸುತ್ತಾರೆ.

ಕಡಲೆದುರು ನಿಂತಾಗ ದಾರಕ್ಕೆ ಮೂರನೆಯ ಅರ್ಥವೊಂದು ಹುಟ್ಟುತ್ತದೆ: ಹಿಡಿಯುವುದೂ ಅಲ್ಲ, ಕಡಿಯುವುದೂ ಅಲ್ಲ, ಅತ್ತಲಿಂದ ಇತ್ತ ಏನನ್ನೋ ತರುವುದು. ಸಾಲೊಮನ್ ದ್ವೀಪಗಳ ಬೆಸ್ತರು ಎಲೆಯ ಪಟ ಹಾರಿಸಿ, ಅದರಿಂದ ಇಳಿಬಿಟ್ಟ ದಾರದ ತುದಿಗೆ ಜೇಡರಬಲೆಯ ಉಂಡೆ ಕಟ್ಟಿ ನೀರ ಮೇಲೆ ಕುಣಿಸುತ್ತಾರೆ. ಚೂಪು ಮೂತಿಯ ಮೀನಿನ ಹಲ್ಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಗಾಳ ಬೇಕಿಲ್ಲ. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಗುಡ್ಡದಲ್ಲಿ ರೇಡಿಯೋದ ಮಾರ್ಕೋನಿ ಪಟಕ್ಕೆ ತಂತಿ ಕಟ್ಟಿ ಮೇಲೆತ್ತಿದ್ದು ಇಂಗ್ಲೆಂಡಿನಿಂದ ಅಟ್ಲಾಂಟಿಕ್ ದಾಟಿ ಬರುವ ಮೋರ್ಸ್ ಸಂಕೇತದ ಮೂರು ಚುಕ್ಕಿಯ ಸದ್ದನ್ನು ಹಿಡಿಯಲು. ಗ್ವಾಟೆಮಾಲಾದ ಸುಂಪಾಂಗೊ, ಸಾಂಟಿಯಾಗೊ ಸಕಾಟೆಪೆಕೆಸ್ ಊರುಗಳಲ್ಲಿ ನವೆಂಬರ್ 1ರಂದು ಪಟ ಏರುವುದು ಸ್ಮಶಾನದಿಂದಲೇ. ಗೋರಿಗಳಿಗೆ ಹೂ ಹರಡಿ, ಮನೆಮಂದಿಯೆಲ್ಲ ಅಲ್ಲೇ ಉಂಡು, ದುಂಡನೆಯ ಪಟಗಳನ್ನು ಬಿಡುತ್ತಾರೆ. ತೀರಿಹೋದವರೊಡನೆ ಮಾತಿಗೆ ಅದೇ ದಾರ. ಕಾಗದದ ಪಟಪಟ ಸದ್ದಿಗೆ ಕೆಟ್ಟ ಆತ್ಮಗಳು ದೂರವಾಗುತ್ತವೆಂದೂ ನಂಬಿಕೆ. ಎರಡಾಳು, ಮೂರಾಳು ಎತ್ತರವನ್ನೂ ಮೀರಿದ ಬೃಹತ್ ಪಟಗಳು ಹಾರುವುದಿಲ್ಲ, ಬಿದಿರಿನ ಆಸರೆಯಲ್ಲಿ ನಿಲ್ಲುತ್ತವೆ. ನಮ್ಮಲ್ಲಿ ಪಿತೃಗಳಿಗೆ ಕಾಗೆಯ ಮೂಲಕ ಕಳಿಸುವುದನ್ನು ಅವರು ಕಾಗದದ ಮೂಲಕ ಕಳಿಸುತ್ತಾರೆ ಅಂದರೆ ಊರಿನ ಅಜ್ಜಿಗೂ ಅರ್ಥವಾದೀತು.

ಬೆಳಕು ಕುಂದುವ ಮುನ್ನ ಪಟ ಇಳಿಸಿ. ದಾರವನ್ನು ಮರಳಿನ ಮೇಲೆ ರಾಶಿ ಬೀಳಲು ಬಿಡದೆ ನೇರ ಫಿರ್ಕಿಗೆ ಸುತ್ತಿ; ಮರಳಿನಲ್ಲಿ ಹೊರಳಿದ ದಾರ ಮುಂದಿನ ವರ್ಷಕ್ಕೆ ಗಂಟಿನ ಗೂಡು. ತುಂಡಾದ ದಾರವನ್ನು ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ, ಕಸ ಕೆದಕುವ ಕಾಗೆಯ ಕಾಲಿಗೆ ಅದೇ ಕುಣಿಕೆ. ಬೆರಳುದ್ದಕ್ಕೆ ಕತ್ತರಿಸಿ, ಕ್ಯಾರಿ ಬ್ಯಾಗಿಗಲ್ಲದೆ ಕಾಗದಕ್ಕೆ ಸುತ್ತಿ ಹಾಕಿ. ಉಳಿದ ಪಟಗಳನ್ನು ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟು ಕಟ್ಟಿ, ಮಳೆಗಾಲದ ತೇವ ತಾಗದಂತೆ ಅಟ್ಟದಲ್ಲಿಡಿ. ಅಥವಾ ಊರಿಗೆ ಹೊರಟವರ ಕೈಗೆ ಕೊಟ್ಟುಬಿಡಿ, ಅಲ್ಲಿ ಆಷಾಢಕ್ಕೆ ಹೆಚ್ಚೆಂದರೆ ಆರು ತಿಂಗಳು.